ಮೇಷ್ಟ್ರನ್ನ ಕೇಳಿ: ಗ್ರಾಫಿಂಗ್ ಕ್ಯಾಲ್ಕುಲೇಟರ್ ತಗೋಬೇಕಾ, ಬೇಡ್ವಾ?

ಈ ತಿಂಗಳು ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಗ್ರಾಫಿಂಗ್ ಕ್ಯಾಲ್ಕುಲೇಟರ್, ಅಂದ್ರೆ ಸಮೀಕರಣ ಕೊಟ್ರೆ ಅದರ ಗ್ರಾಫ್ ಸ್ಕ್ರೀನಲ್ಲೇ ಬರೆದು ತೋರಿಸೋ ಕ್ಯಾಲ್ಕುಲೇಟರ್ ಬಗ್ಗೆನೇ ಇದೆ. ತುಮಕೂರು ಕಡೆಯಿಂದ ಜಾಸ್ತಿ, ಕೋಲಾರದಿಂದ ಒಂದು. ಚೀಟಿ ಬಡ್ಡಿ ಲೆಕ್ಕ ಕೇಳಿದೋರು ಬೇಜಾರು ಮಾಡ್ಕೋಬೇಡಿ, ಮುಂದಿನ ಸಂಚಿಕೆಲಿ ನೋಡೋಣ.

ಪ್ರಶ್ನೆ: ಸರ್ ನಮಸ್ಕಾರ. ನಾವು ತಿಪಟೂರಿನವರು, ನಮ್ಮನೆಯವರದ್ದು ಕೊಬ್ಬರಿ ವ್ಯಾಪಾರ. ಮಗ ತುಮಕೂರಲ್ಲಿ ಹಾಸ್ಟೆಲ್‌ನಲ್ಲಿದ್ಕೊಂಡು ಫಸ್ಟ್ ಪಿಯು ಸೈನ್ಸ್ ಓದ್ತಿದ್ದಾನೆ. ನಮ್ಮ ನಾದಿನಿ ಮಗ ಅಮೆರಿಕದಲ್ಲಿ ಓದೋದು, ಇವನದೇ ವಯಸ್ಸು. ಅಲ್ಲಿ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇಲ್ದೆ ಮ್ಯಾಥ್ಸ್ ಕ್ಲಾಸಿಗೇ ಯಾರೂ ಹೋಗಲ್ವಂತೆ. ಅದನ್ನ ಕೇಳಿದಾಗಿಂದ ನಮ್ಮವನು ನಂಗೂ ಬೇಕು ಅಂತ ಒಂದೇ ಹಠ. ಆನ್‌ಲೈನ್‌ನಲ್ಲಿ 15 ಸಾವಿರದ ಹತ್ರ ತೋರಿಸ್ತಿದೆ. ಇದಿಲ್ದೆ ಹಿಂದೆ ಬೀಳ್ತಾನಾ ಸರ್? ಮಗನ ಓದಿಗೆ ದುಡ್ಡಿನ ಮುಖ ನೋಡೋದು ಬೇಡ ಅಂತ ಇವರು, ಸ್ವಲ್ಪ ತಡೀರಿ ಅಂತ ನಾನು.
(ಒಬ್ಬ ತಾಯಿ, ತಿಪಟೂರು)

ಉತ್ತರ: ನೀವು ತಡೆದಿದ್ದೇ ಸರಿ ಕಣಮ್ಮ. ಬೇಡ. ನಿಮ್ಮ ಹುಡುಗ ಬರೆಯೋ ಯಾವ ಪರೀಕ್ಷೆಗೂ ಅದನ್ನ ಒಳಗೆ ಬಿಡಲ್ಲ. ಸೆಕೆಂಡ್ ಪಿಯು ಗಣಿತದ ಪೇಪರಿಗೆ ಗ್ರಾಫಿಂಗ್ ಇರ್ಲಿ, ಅಂಗಡಿಲಿ ಇಟ್ಕೊಂಡಿರ್ತಾರಲ್ಲ ಸಾದಾ ಕ್ಯಾಲ್ಕುಲೇಟರ್, ಅದೂ ಇಲ್ಲ. ಸಿಇಟಿ, ಜೆಇಇ, ನೀಟ್ ಎಲ್ಲಾ ಕಡೆ ಇದೇ ಕಥೆ. ಸಿಬಿಎಸ್‌ಇ 12ನೇ ಕ್ಲಾಸ್ ಮ್ಯಾಥ್ಸ್‌ಗೂ ಇಲ್ಲ, ವಿಶೇಷ ಅಗತ್ಯ ಇರೋ ಮಕ್ಕಳಿಗೆ ಸಾದಾ ಕ್ಯಾಲ್ಕುಲೇಟರಿನ ರಿಯಾಯ್ತಿ ಇದೆ ಅಷ್ಟೆ. ಸಿಇಟಿಲಿ ಗಣಿತಕ್ಕೆ 80 ನಿಮಿಷಕ್ಕೆ 60 ಪ್ರಶ್ನೆ, ಅಂದ್ರೆ ಒಂದಕ್ಕೆ 1 ನಿಮಿಷ 20 ಸೆಕೆಂಡು. ಅಷ್ಟ್ರಲ್ಲಿ ಆಗ್ಬೇಕು ಅಂದ್ರೆ ಮಗ್ಗಿ ನಾಲಿಗೆ ತುದೀಲಿರ್ಬೇಕು, ಸೈನ್ 30, ಕಾಸ್ 60 ಯೋಚ್ನೆ ಮಾಡ್ದಲೇ ಬರ್ಬೇಕು, ಮಾಡ್ಯುಲಸ್ ಎಕ್ಸ್ ಅಂದ ತಕ್ಷಣ ‘ವಿ’ ಆಕಾರ ಕಣ್ಮುಂದೆ ನಿಲ್ಬೇಕು. ಎರಡು ವರ್ಷ ಮಿಷಿನ್ ಒತ್ತಿ ಅಭ್ಯಾಸ ಆದ ಹುಡುಗನ್ನ ಪರೀಕ್ಷೆ ದಿನ ಬರಿಗೈಲಿ ಕೂರಿಸಿದ್ರೆ ಏನಾಗುತ್ತೆ ಅಂತ ನೀವೇ ಯೋಚ್ನೆ ಮಾಡಿ.

ಹಾಗಂತ ನಿಮ್ಮ ನಾದಿನಿ ಮಗ ಸುಳ್ಳು ಹೇಳ್ತಿಲ್ಲ. ಅಲ್ಲಿ ಹೈಸ್ಕೂಲ್ ಮಕ್ಕಳು ಎಪಿ ಕ್ಯಾಲ್ಕುಲಸ್ ಅಂತ ಒಂದು ಪರೀಕ್ಷೆ ತಗೋತಾರೆ, ಕಾಲೇಜ್ ಮಟ್ಟದ್ದು, ಅದರ ಒಂದಷ್ಟು ಭಾಗಕ್ಕೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕೇ ಬೇಕು. ಆದ್ರೆ ಎಷ್ಟು ಭಾಗಕ್ಕೆ ಅಂತ ಅವನನ್ನ ಕೇಳಿ ನೋಡಿ. ಆಬ್ಜೆಕ್ಟಿವ್ 45 ಪ್ರಶ್ನೆಲಿ 30ನ್ನ ಕ್ಯಾಲ್ಕುಲೇಟರ್ ಮುಟ್ಟದೆ ಮಾಡ್ಬೇಕು, ಬಿಡಿಸಿ ಬರೆಯೋ 6 ಪ್ರಶ್ನೆಲಿ 4 ಹಾಗೇನೇ. ಅಂದ್ರೆ ಅಮೆರಿಕದಲ್ಲೂ ಆ ಪರೀಕ್ಷೆಯ ಮೂರರಲ್ಲಿ ಎರಡು ಪಾಲು ಕೈ ಲೆಕ್ಕನೇ! ಈ ವಿಷಯ ಮಾತ್ರ ವಾಟ್ಸಾಪ್ ಕಾಲ್‌ನಲ್ಲಿ ಯಾರೂ ಹೇಳಲ್ಲ ನೋಡಿ.

ಆ ಡಬ್ಬಿ ಒಳಗೆ ಏನು ನಡೆಯುತ್ತೆ ಅಂತಾನೂ ಹೇಳ್ತೀನಿ, ಹುಡುಗನಿಗೆ ಓದಿ ಹೇಳಿ. ಅದರಲ್ಲಿ ಮಾಯ ಮಂತ್ರ ಏನೂ ಇಲ್ಲ. ನಾವು ಹೈಸ್ಕೂಲಲ್ಲಿ ಎಕ್ಸ್‌ಗೆ ಒಂದೊಂದು ಬೆಲೆ ಹಾಕಿ, ವೈ ಕಂಡ್ಹಿಡಿದು, ಕೋಷ್ಟಕ ಮಾಡಿ, ಗ್ರಾಫ್ ಶೀಟಲ್ಲಿ ಚುಕ್ಕಿ ಇಟ್ಟು ಸೇರಿಸ್ತೀವಲ್ಲ, ಅದನ್ನೇ ಅದೂ ಮಾಡೋದು, ಬೇಗ ಮಾಡುತ್ತೆ ಅಷ್ಟೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರ ಟಿಐ-84 ಪ್ಲಸ್ ಅಂತ 2004ರಲ್ಲಿ ಬಂತು, ಅಲ್ಲಿ ಮನೆಮಾತು ಅದು, ಅದರ ಸ್ಕ್ರೀನಲ್ಲಿ ಅಡ್ಡಕ್ಕೆ 96 ಚುಕ್ಕಿ ಉದ್ದಕ್ಕೆ 64 ಚುಕ್ಕಿ ಅಷ್ಟೆ ಇದ್ದಿದ್ದು. ಕಲರ್ ಸ್ಕ್ರೀನಿಂದು ಆಮೇಲೆ ಬಂತು. ಮೇಲಿಂದ ಕೆಳಗಿರೋ ಒಂದೊಂದು ಸಾಲಿನ ಎಕ್ಸ್‌ಗೂ ಒಂದು ವೈ ಲೆಕ್ಕ ಹಾಕಿ ಚುಕ್ಕಿ ಇಟ್ಟು ಗೆರೆ ಎಳೀತಿತ್ತು. ಎರಡು ಚುಕ್ಕಿ ಮಧ್ಯೆ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ. ಅದಕ್ಕೇ ಟ್ಯಾನ್ ಎಕ್ಸ್ ಹಾಕಿದ್ರೆ 90 ಡಿಗ್ರಿ ಹತ್ರ ಮೇಲೆ ಹೋದ ಚುಕ್ಕಿನೂ ಕೆಳಗಿಂದ ಬಂದ ಚುಕ್ಕಿನೂ ಸೇರಿಸಿ ಒಂದು ಉದ್ದ ನೆಟ್ಟಗೆರೆ ಎಳೆದುಬಿಡೋದು, ಮಕ್ಕಳು ಅದೂ ಗ್ರಾಫಿನ ಭಾಗ ಅಂತ ನಂಬೋರು. ಅಲ್ಲಿ ಫಂಕ್ಷನ್‌ಗೆ ಬೆಲೆನೇ ಇಲ್ಲ!

ಗ್ರಾಫ್ ತೋರಿಸೋ ಮೊದಲ ಕ್ಯಾಲ್ಕುಲೇಟರ್ ಅಂತ ಸಾಮಾನ್ಯವಾಗಿ ಹೆಸರು ಹೇಳೋದು ಕ್ಯಾಸಿಯೊ ಕಂಪನಿದು, 1985ರಲ್ಲಿ ಬಂದಿದ್ದು. ಅದೇ ವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಲ್ಲಿ ಆಫೀಸ್ ತೆಗೀತು. ಕಂಪನಿ ನಮ್ಮ ತುಮಕೂರಿಂದ ಎಪ್ಪತ್ತು ಕಿಲೋಮೀಟರ್ ಆಚೆಗೆ ಬಂದು ಕೂತು ನಲವತ್ತು ವರ್ಷ ಆಯ್ತು, ಅವರ ಗ್ರಾಫ್ ಕ್ಯಾಲ್ಕುಲೇಟರ್ ನಮ್ಮ ಕ್ಲಾಸ್‌ರೂಮಿಗೆ ಬರ್ಲಿಲ್ಲ, ಯಾಕಂದ್ರೆ ನಮ್ಮ ಪರೀಕ್ಷೆ ಅದನ್ನ ಕೇಳ್ಲೇ ಇಲ್ಲ. ಇದು ಒಳ್ಳೇದೋ ಕೆಟ್ಟದ್ದೋ ಅಂತ ವಾದ ಮಾಡ್ಬೋದು, ಅದನ್ನ ಕೆಳಗೆ ಮಧುಗಿರಿ ಮೇಷ್ಟ್ರ ಪ್ರಶ್ನೆಲಿ ನೋಡೋಣ. ನಿಮ್ಮ 15 ಸಾವಿರ ಮಾತ್ರ ಹಾಗೇ ಇರ್ಲಿ. ಅದು ಮಾಡೋ ಕೆಲಸ ನಿಮ್ಮ ಕೈಲಿರೋ ಫೋನು ಪುಕ್ಕಟೆ ಮಾಡುತ್ತೆ.

ಪ್ರಶ್ನೆ: ಸರ್ ನಾನು ಸೆಕೆಂಡ್ ಪಿಯು. ಮನೇಲಿ ಅಪ್ಪನ ಫೋನಲ್ಲಿ ಗ್ರಾಫ್ ಆ್ಯಪ್ ಹಾಕ್ಕೊಂಡಿದೀನಿ, ಲೆಕ್ಕ ಮಾಡಕ್ಕೆ ಮುಂಚೆನೇ ಅದ್ರಲ್ಲಿ ನೋಡ್ಬಿಡ್ತೀನಿ. ಇದು ಮೋಸನಾ? ಫ್ರೆಂಡ್ ಮೋಸ ಅಂತಾಳೆ. ನಮ್ಮೂರಲ್ಲಿ ನೆಟ್‌ವರ್ಕೂ ಸರಿ ಇಲ್ಲ, ಯಾವ ಆ್ಯಪ್ ಒಳ್ಳೇದು?
(ವಿದ್ಯಾರ್ಥಿನಿ, ಶಿರಾ ತಾಲ್ಲೂಕು)

ಉತ್ತರ: ಮೋಸ ಏನಲ್ಲ ಮಗು, ಆದ್ರೆ ಹಿಂದುಮುಂದಾಗಿದೆ. ಮೊದ್ಲು ನೀನು ಬರಿ, ಆಮೇಲೆ ಅದನ್ನ ಕೇಳು.

ಆ್ಯಪ್ ಅಂದ್ರೆ ಎರಡು ಹೆಸರು. ಜಿಯೋಜೀಬ್ರಾ, ಇದನ್ನ ಮಾರ್ಕಸ್ ಹೊಹೆನ್‌ವಾರ್ಟರ್ ಅನ್ನೋರು 2001ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ಯೂನಿವರ್ಸಿಟಿಲಿ ಓದೋವಾಗ ಶುರು ಮಾಡಿದ್ದು. ಇನ್ನೊಂದು ಡೆಸ್ಮೋಸ್, ಅದು 2011ರದ್ದು. ಎರಡಕ್ಕೂ ದುಡ್ಡು ಕೊಡೋ ಹಾಗಿಲ್ಲ, ಒಂದ್ಸಲ ಫೋನಿಗೆ ಇಳಿಸ್ಕೊಂಡ್ರೆ ಗ್ರಾಫ್ ಬರೆಯೋಕೆ ನೆಟ್ ಬೇಕಿಲ್ಲ. ಶುರುಗೆ ಡೆಸ್ಮೋಸ್ ಸಲೀಸು, ಜಾಮೆಟ್ರಿನೂ ಬೇಕು ಅಂದ್ರೆ ಜಿಯೋಜೀಬ್ರಾ.

ಯಾಕೆ ಮೊದ್ಲು ನೀನೇ ಬರೀಬೇಕು ಅಂತ ಒಂದು ಲೆಕ್ಕದಲ್ಲಿ ತೋರಿಸ್ತೀನಿ, ಪೆನ್ಸಿಲ್ ತಗೋ. ಎಕ್ಸ್ ಸ್ಕ್ವೇರ್ = 2 ಪವರ್ ಎಕ್ಸ್. ಎಕ್ಸ್ ಎಷ್ಟು?

ಎಲ್ರೂ ಮೊದ್ಲು 2 ಅಂತಾರೆ, ಎರಡೂ ಕಡೆ 4 ಬರುತ್ತೆ, ಸರಿ. ಸ್ವಲ್ಪ ಚುರುಕಿದ್ದೋರು 4 ಅಂತಾನೂ ಹೇಳ್ತಾರೆ, ಎರಡೂ ಕಡೆ 16, ಅದೂ ಸರಿ. ಅಲ್ಲಿಗೆ ಪೆನ್ ಮುಚ್ಚಿಬಿಡ್ತಾರೆ. ಈಗ ಆ್ಯಪ್‌ನಲ್ಲಿ ಎರಡೂ ಕರ್ವ್ ಹಾಕಿ, ಎಕ್ಸೂ ವೈನೂ ಮೈನಸ್ 10ರಿಂದ 10ರವರೆಗೆ ಇಟ್ಟು ನೋಡು. ಎರಡು ಕಡೆ ಕಟ್ ಮಾಡ್ತವೆ. ಒಂದು ನಮ್ಮ 2. ಇನ್ನೊಂದು 4 ಅಲ್ಲ! ಸೊನ್ನೆ ಎಡಗಡೆ, ಮೈನಸ್ 0.77 ಹತ್ರ ಎಲ್ಲೋ ಇದೆ. ಹಾಗಾದ್ರೆ 4 ಎಲ್ಲೋಯ್ತು? ಅಲ್ಲಿ ವೈ 16 ಆಗುತ್ತೆ, ಸ್ಕ್ರೀನ್ ಇರೋದು 10ರ ತನಕ, ಅದಕ್ಕೆ ಕಾಣಿಸ್ಲಿಲ್ಲ. ಬೆರಳಲ್ಲಿ ಝೂಮ್ ಔಟ್ ಮಾಡು, ಬರುತ್ತೆ. ಒಟ್ಟು ಮೂರು ಉತ್ತರ.

ನೋಡಿದ್ಯಾ, ಬರೀ ಕೈಲಿ ಮಾಡಿದೋನಿಗೆ ಮೈನಸ್ ಉತ್ತರ ತಪ್ಪೋಯ್ತು, ಬರೀ ಸ್ಕ್ರೀನ್ ನೋಡಿದೋನಿಗೆ 4 ತಪ್ಪೋಯ್ತು, ಇಬ್ರಿಗೂ ಎರಡೆರಡೇ ಸಿಕ್ಕಿದ್ದು. ಮನೆ ಕಿಟಕೀಲಿ ಇಣುಕಿ ನೋಡಿ ಬೀದೀಲಿ ಯಾರೂ ಇಲ್ಲ ಅಂತ ಹೇಳಿದ ಹಾಗಾಗುತ್ತೆ, ಸ್ಕ್ರೀನಲ್ಲಿ ಕಾಣ್ಲಿಲ್ಲ ಅಂತ ಇಲ್ಲ ಅಂದ್ರೆ.

ಇನ್ನೂ ಒಂದು ಹೆಜ್ಜೆ ಇದೆ. ಆ ಮೈನಸ್ ಉತ್ತರ ಇದ್ದೇ ಇದೆ ಅಂತ ಹೇಳೋಕೆ ಮಿಷಿನ್ ಬೇಕಾ? ಎಕ್ಸ್‌ಗೆ ಮೈನಸ್ 1 ಹಾಕು, ಸ್ಕ್ವೇರ್ 1, ಇನ್ನೊಂದು ಅರ್ಧ, ಅಂದ್ರೆ ಸ್ಕ್ವೇರ್ ಮೇಲಿದೆ. ಸೊನ್ನೆ ಹಾಕು, ಸ್ಕ್ವೇರ್ 0, ಇನ್ನೊಂದು 1, ಈಗ ಸ್ಕ್ವೇರ್ ಕೆಳಗೆ ಬಂತು. ಎರಡೂ ಕಂಟಿನ್ಯುಯಸ್ ಫಂಕ್ಷನ್, ಅಂದ್ರೆ ಎಲ್ಲೂ ತುಂಡಾಗದ ಗೆರೆ, ಮೇಲಿದ್ದೋನು ಕೆಳಗೆ ಬರ್ಬೇಕಾದ್ರೆ ಮಧ್ಯದಲ್ಲಿ ಎಲ್ಲೋ ಒಂದ್ಕಡೆ ದಾಟಲೇಬೇಕು. ನಿನ್ನ ಪುಸ್ತಕದ ಕಂಟಿನ್ಯುಯಿಟಿ ಪಾಠ ಎಲ್ಲಿ ಕೆಲಸಕ್ಕೆ ಬರುತ್ತೆ ಅಂತ ಕೇಳ್ತೀರಲ್ಲ, ಇಲ್ಲಿ. ಇದೆ ಅಂತ ಹೇಳೋದು ನಿನ್ನ ತಲೆ ಕೆಲಸ, ಮೈನಸ್ 0.7667 ಅಂತ ಅಳೆದು ಕೊಡೋದು ಆ್ಯಪ್ ಕೆಲಸ. ನಿನ್ನ ಫ್ರೆಂಡ್‌ಗೂ ಈ ಲೆಕ್ಕ ಕೊಡು, ಮೋಸ ಅಂತಾಳಾ ನೋಡೋಣ.

ಇಂಟಿಗ್ರೇಷನ್‌ನಲ್ಲಿ ಏರಿಯಾ ಕಂಡ್ಹಿಡಿಯೋ ಪಾಠಕ್ಕಂತೂ ಈ ಅಭ್ಯಾಸ ತುಂಬಾ ಉಪಯೋಗ. ಪರಾಬೋಲಾ ಮೇಲಿದ್ಯಾ ಗೆರೆ ಮೇಲಿದ್ಯಾ ಅಂತ ಗೊತ್ತಾಗ್ದೆ ಉಲ್ಟಾ ಕಳೆದು ಏರಿಯಾ ಮೈನಸ್ ಬಂತು ಸರ್ ಅಂತ ಬರೋರು ಪ್ರತಿ ಬ್ಯಾಚಲ್ಲೂ ಇರ್ತಾರೆ. ಒಂದು ಒರಟು ಚಿತ್ರ ಬರ್ಕೊಂಡಿದ್ರೆ ಅದು ಆಗ್ತಿರ್ಲಿಲ್ಲ.

ಪ್ರಶ್ನೆ: ಮಗಳನ್ನ ಬೆಂಗಳೂರಲ್ಲಿ ಐಬಿ (ಅಂತರರಾಷ್ಟ್ರೀಯ ಪಠ್ಯಕ್ರಮ) ಸ್ಕೂಲಿಗೆ ಸೇರಿಸಿದೀವಿ, 11ನೇ ಕ್ಲಾಸು. ಅವರು ಕೊಟ್ಟ ಲಿಸ್ಟಲ್ಲಿ ಗ್ರಾಫಿಕ್ ಕ್ಯಾಲ್ಕುಲೇಟರ್ ಕಡ್ಡಾಯ ಅಂತಿದೆ. ಫೋನಲ್ಲೇ ಆಗುತ್ತಲ್ಲ, ಸುಮ್ನೆ ಖರ್ಚು ಮಾಡಿಸ್ತಿದ್ದಾರಾ?
(ಒಬ್ಬ ತಂದೆ, ಎಸ್‌.ಎಸ್‌. ಪುರಂ, ತುಮಕೂರು)

ಉತ್ತರ: ಇಲ್ಲ ಸ್ವಾಮಿ, ಇದು ನಿಜವಾಗ್ಲೂ ಬೇಕು. ಐಬಿ ಡಿಪ್ಲೊಮಾದಲ್ಲಿ ಗಣಿತ ಎರಡು ಥರ ಇದೆ. ಅನಾಲಿಸಿಸ್ ಅಂಡ್ ಅಪ್ರೋಚಸ್ ತಗೊಂಡಿದ್ರೆ ಮೊದಲ ಪೇಪರ್ ಬರಿಗೈಲಿ, ಎರಡನೇದಕ್ಕೆ ಗ್ರಾಫ್ ಕ್ಯಾಲ್ಕುಲೇಟರ್ ಬೇಕು. ಅಪ್ಲಿಕೇಷನ್ಸ್ ಅಂಡ್ ಇಂಟರ್‌ಪ್ರಿಟೇಷನ್ ಆದ್ರೆ ಎಲ್ಲಾ ಪೇಪರ್‌ಗೂ ಬೇಕು. ಪರೀಕ್ಷೆ ಹಾಲಿಗೆ ಫೋನ್ ಬಿಡಲ್ಲ, ಅದರಲ್ಲೇ ಕಲಿತು ಅಲ್ಲಿ ಬೇರೆ ಮಿಷಿನ್ ಹಿಡ್ಕೊಂಡು ಬಟನ್ ಹುಡುಕ್ತಾ ಕೂರೋದೂ ಆಗಲ್ಲ. ಸ್ಕೂಲಿನ ಮೇಷ್ಟ್ರು ಯಾವ ಮಾಡೆಲ್ ಇಟ್ಕೊಂಡು ಪಾಠ ಮಾಡ್ತಾರೋ ಅದನ್ನೇ ತಗೊಳ್ಳಿ, ಪರೀಕ್ಷೆ ಮೋಡ್ ಅಂತ ಇರುತ್ತೆ, ಒಳಗೆ ಸೇವ್ ಮಾಡಿದ್ದೆಲ್ಲ ಮುಚ್ಚಿಬಿಡೋದು, ಅದು ಇರೋದನ್ನ ನೋಡ್ಕೊಳ್ಳಿ. ಕೋರ್ಸ್ ಮುಗಿಸಿದ ಸೀನಿಯರ್ ಮಕ್ಕಳು ಮಾರ್ತಾರೆ, ಕೇಳಿ ನೋಡಿ, ಹೊಸದೇ ಆಗ್ಬೇಕು ಅಂತೇನಿಲ್ಲ.

ಇದರ ಜೊತೆ ಗೊಂದಲ ಮಾಡ್ಕೊಳ್ಳೋ ಇನ್ನೊಂದು ಇದೆ, ಕೇಂಬ್ರಿಡ್ಜ್ ಎ ಲೆವೆಲ್. ಅದರ ಗಣಿತಕ್ಕೆ, 9709 ಅಂತ ಕೋಡ್, ಸೈಂಟಿಫಿಕ್ ಕ್ಯಾಲ್ಕುಲೇಟರ್ ಮಾತ್ರ, ಗ್ರಾಫಿಂಗ್ ತಗೊಂಡು ಹೋಗೋ ಹಾಗಿಲ್ಲ. ಪಕ್ಕದ್ಮನೆಯವರು ಇಂಟರ್‌ನ್ಯಾಷನಲ್ ಸ್ಕೂಲ್ ಅಂದಿದ್ದಕ್ಕೆ ನಾವೂ ತಗೊಂಡ್ವಿ ಅಂತ ಆಗ್ಬಾರ್ದು.

ಪ್ರಶ್ನೆ: ಸರ್ ನಾನು ಕೋಲಾರದವನು, ಪಿಯು ಆದ್ಮೇಲೆ ಹೊರದೇಶಕ್ಕೆ ಹೋಗೋ ಆಸೆ, ಅಮೆರಿಕದ ಕಾಲೇಜ್ ಪ್ರವೇಶಕ್ಕೆ ಇರೋ ಸ್ಯಾಟ್ ಪರೀಕ್ಷೆ ಬರೀಬೇಕು. ಅದಕ್ಕಾದ್ರೂ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕಲ್ವಾ?

ಉತ್ತರ: ಬೇಕು, ಆದ್ರೆ ಕೊಂಡ್ಕೊಳ್ಳೋದು ಬೇಡ. ನಮ್ಮ ಕಡೆ ಸ್ಯಾಟ್ 2023ರಿಂದ ಕಂಪ್ಯೂಟರ್ ಮೇಲೆ ನಡೆಯುತ್ತೆ, ಬ್ಲೂಬುಕ್ ಅನ್ನೋ ಸಾಫ್ಟ್‌ವೇರ್, ಅದರೊಳಗೇ ಡೆಸ್ಮೋಸ್ ಕೂರಿಸಿದ್ದಾರೆ. ಗಣಿತದ 44 ಪ್ರಶ್ನೆ, 70 ನಿಮಿಷ, ಪೂರ್ತಿ ಕ್ಯಾಲ್ಕುಲೇಟರ್ ಬಳಸ್ಬೋದು. ಮೇಲೆ ಹೇಳಿದ ಎಪಿ ಕ್ಯಾಲ್ಕುಲಸ್‌ಗೂ ಈಗ ಡೆಸ್ಮೋಸ್ ಒಳಗೇ ಬರುತ್ತೆ. ಅಮೆರಿಕದ ಮಕ್ಕಳ ಬ್ಯಾಗಿನ ಆ ಡಬ್ಬಿಗೆ ಅಲ್ಲೇ ಕೆಲಸ ಕಮ್ಮಿ ಆಗ್ತಾ ಬಂದಿರೋವಾಗ ನಾವು ಇಲ್ಲಿ ಹೊಸದಾಗಿ ಆಸೆ ಪಡ್ತಿದೀವಿ. ಡೆಸ್ಮೋಸನ್ನ ಈಗ್ಲಿಂದ್ಲೇ ಚೆನ್ನಾಗಿ ಅಭ್ಯಾಸ ಮಾಡು, ಫೋನಲ್ಲಲ್ಲ, ಕೀಬೋರ್ಡ್ ಇರೋ ಕಂಪ್ಯೂಟರಲ್ಲಿ. ಎರಡು ಸಮೀಕರಣ ಕೊಟ್ಟು ಎಷ್ಟು ಪರಿಹಾರ ಅಂತ ಕೇಳಿದ್ರೆ ಎರಡನ್ನೂ ಟೈಪ್ ಮಾಡಿ ಎಷ್ಟು ಕಡೆ ಕಟ್ ಆಗುತ್ತೆ ಅಂತ ಎಣಿಸೋದು, ಅಷ್ಟೆ. ಶಿರಾ ಹುಡುಗಿಗೆ ಹೇಳಿದ ಝೂಮ್ ಔಟ್ ಮಾತ್ರ ಮರೀಬೇಡ.

ಪ್ರಶ್ನೆ: ಮಧುಗಿರಿ ಕಡೆ ಸರ್ಕಾರಿ ಪಿಯು ಕಾಲೇಜಲ್ಲಿ ಗಣಿತ ಪಾಠ ಮಾಡ್ತೀನಿ. ಮಕ್ಕಳಿಗೆ ಲೀನಿಯರ್ ಪ್ರೋಗ್ರಾಮಿಂಗ್ (ಇರೋ ಷರತ್ತುಗಳೊಳಗೇ ಅತಿ ಹೆಚ್ಚು ಲಾಭ ಎಲ್ಲಿ ಅಂತ ಹುಡುಕೋ ಲೆಕ್ಕ) ಗ್ರಾಫ್ ಬರೆಯೋದೇ ಕಷ್ಟ, ಶೇಡ್ ಎತ್ಲಾಗೆ ಮಾಡ್ಬೇಕು ಅಂತ ತಿಳಿಯಲ್ಲ. ಕ್ಯಾಲ್ಕುಲೇಟರ್ ಕೊಟ್ರೆ ಇರೋ ಕೈ ಅಭ್ಯಾಸಾನೂ ಹೋಗುತ್ತೆ ಅಂತ ಭಯ. ನೀವೇನಂತೀರಿ?

ಉತ್ತರ: ನಿಮ್ಮ ಭಯ ಅರ್ಥ ಆಗುತ್ತೆ ಸರ್, ಪರೀಕ್ಷೇಲಿ ಗ್ರಾಫ್ ಬರೆಯೋದು ಕೈಲೇ. ಆದ್ರೆ ನನ್ನ ಅಭಿಪ್ರಾಯ ಏನಂದ್ರೆ ಮಕ್ಕಳ ಕೈಗೆ ಬೇಡ, ನಿಮ್ಮ ಕೈಲಿರ್ಲಿ. ಕಾಲೇಜಲ್ಲಿ ಪ್ರೊಜೆಕ್ಟರೋ ಸ್ಮಾರ್ಟ್ ಬೋರ್ಡೋ ಇದ್ರೆ ಕ್ಲಾಸಿಗೆಲ್ಲ ಅದೊಂದೇ ಸಾಕು, ಇಲ್ದಿದ್ರೆ ನಿಮ್ಮ ಫೋನ್ ಬೆಂಚಿಂದ ಬೆಂಚಿಗೆ ಹೋಗ್ಲಿ.

ನಮ್ಮ ಕಡೆ ಮಕ್ಕಳಿಗೆ ಹತ್ತಿರದ್ದು ಒಂದು ತಗೊಳ್ಳಿ. ಕಡ್ಲೆಕಾಯಿ ಎಕ್ಸ್ ಎಕರೆ, ರಾಗಿ ವೈ ಎಕರೆ. ಇರೋ ಜಮೀನು 10 ಎಕರೆ, ಅಲ್ಲಿಗೆ ಎಕ್ಸ್ + ವೈ ≤ 10. ಕಡ್ಲೆಕಾಯಿಗೆ ಎಕರೆಗೆ ಎರಡು ಆಳು, ರಾಗಿಗೆ ಒಂದು, ಸಿಗೋದು 16 ಆಳು, ಅಲ್ಲಿಗೆ 2ಎಕ್ಸ್ + ವೈ ≤ 16. ಲಾಭ ಎಕರೆಗೆ 5 ಸಾವಿರ, 4 ಸಾವಿರ ಅಂತಿಟ್ಕೊಳ್ಳಿ (ನಿಜವಾದ ರೈತ ಈ ಲೆಕ್ಕ ನೋಡಿ ನಗ್ತಾನೆ, ಇರ್ಲಿ). ಮೊದ್ಲು ಎಲ್ರೂ ಗ್ರಾಫ್ ಶೀಟಲ್ಲಿ ಎರಡು ಗೆರೆ ಎಳೀಲಿ, ಶೇಡ್ ಎತ್ಲಾಗೆ ಅಂತ ಬಾಣದ ಗುರುತು ಹಾಕ್ಲಿ, ಪೆನ್ ಕೆಳಗಿಡ್ಲಿ. ಆಮೇಲೆ ನೀವು ಡೆಸ್ಮೋಸ್‌ನಲ್ಲಿ ಆ ಎರಡು ಅಸಮತೆ ಟೈಪ್ ಮಾಡಿ, ಅದೇ ಬಣ್ಣ ತುಂಬುತ್ತೆ, ಎರಡು ಬಣ್ಣ ಸೇರಿದ ಜಾಗ ಗಾಢವಾಗಿ ಕಾಣುತ್ತೆ. ಬಾಣ ತಪ್ಪಿದೋರಿಗೆ ನೀವೇನೂ ಹೇಳ್ಬೇಕಾಗಿಲ್ಲ, ಅವರೇ ಅಯ್ಯೋ ಅಂತಾರೆ. ಆಗ ಕೇಳಿ, ಸೊನ್ನೆ ಸೊನ್ನೆ ಹಾಕಿದ್ರೆ ಷರತ್ತು ನಿಲ್ಲುತ್ತಾ? ನಿಲ್ಲುತ್ತೆ ಅಂದ್ರೆ ಒರಿಜಿನ್ ಇರೋ ಕಡೆನೇ ಶೇಡ್. ಹತ್ತು ಸಲ ಬೋರ್ಡ್ ಮೇಲೆ ಬರೆದ್ರೂ ನಿಲ್ಲದೆ ಇದ್ದಿದ್ದು ತಪ್ಪಾದ ಬಾಣ ಪಕ್ಕದಲ್ಲೇ ಇದ್ದಾಗ ನಿಲ್ಲುತ್ತೆ.

ಮೂಲೆ ಬಿಂದುಗಳು (0,0), (8,0), (6,4), (0,10). ಲಾಭ ಸೊನ್ನೆ, 40, 46, 40. ಅಲ್ಲಿಗೆ 6 ಎಕರೆ ಕಡ್ಲೆಕಾಯಿ, 4 ಎಕರೆ ರಾಗಿ, 46 ಸಾವಿರ. ಇಲ್ಲೊಂದು ಕಿವಿಮಾತು, (6,4) ಅನ್ನೋದನ್ನ ಗ್ರಾಫ್ ನೋಡಿ ಓದ್ಬೇಡಿ ಅಂತ ಮಕ್ಕಳಿಗೆ ಹೇಳಿ, ಪೆನ್ಸಿಲ್ ಮೊಂಡಾಗಿದ್ರೆ 5.8 ಅಂತಾನೂ ಕಾಣುತ್ತೆ, ಎರಡು ಸಮೀಕರಣ ಕಳೆದ್ರೆ ಒಂದೇ ಸಾಲಲ್ಲಿ ಎಕ್ಸ್ = 6 ಬರುತ್ತೆ. ಸ್ಕೇಲ್ ಬರೀರಿ ಅಂತಾನೂ ಹೇಳಿ, ಅದನ್ನ ಆ್ಯಪ್ ಕಲಿಸಲ್ಲ.

ಫಸ್ಟ್ ಪಿಯು ಟ್ರಿಗ್ನಾಮೆಟ್ರಿಗೂ ಇದೇ ದಾರಿ. ಎ ಸೈನ್ ಬಿಎಕ್ಸ್ ಅಂತ ಹಾಕಿ ಎ, ಬಿಗೆ ಸ್ಲೈಡರ್ ಕೊಟ್ಟು ಎಳೆದ್ರೆ ಅಲೆ ಎತ್ತರ ಆಗೋದು, ಹತ್ತಿರ ಹತ್ತಿರ ಆಗೋದು ಕಣ್ಣಿಗೇ ಕಾಣುತ್ತೆ. ಸೀಮೆಸುಣ್ಣದಲ್ಲಿ ಅದನ್ನ ಮಾಡೋಕೆ ಒಂದು ಪೀರಿಯಡ್ ಬೇಕು. ನಮ್ಮ ಪರೀಕ್ಷೆ ಬರೀ ಕೈ ಲೆಕ್ಕ ಕೇಳೋದ್ರಿಂದ ಮಕ್ಕಳು ಒಂದು ಕರ್ವ್ ಚಲಿಸೋದನ್ನ ಒಂದ್ಸಲಾನೂ ನೋಡ್ದೆ ಪಿಯು ಮುಗಿಸ್ತಾರಲ್ಲ, ಅದು ನನಗೆ ಸರಿ ಕಾಣಲ್ಲ. ಅದಕ್ಕೆ ಮಕ್ಕಳು ದುಡ್ಡು ಕೊಡ್ಬೇಕಾಗಿಲ್ಲ, ಮೇಷ್ಟ್ರು ಹತ್ತು ನಿಮಿಷ ಕೊಟ್ರೆ ಆಯ್ತು.

ಪ್ರಶ್ನೆ: ಡೆಸ್ಮೋಸ್‌ನಲ್ಲಿ ಸೈನ್ ಎಕ್ಸ್ ಹಾಕಿದ್ರೆ ಅಲೆನೇ ಬರ್ತಿಲ್ಲ, ಮಲಗಿರೋ ಗೆರೆ ಥರ ಇದೆ. ಆ್ಯಪ್ ಕೆಟ್ಟಿದ್ಯಾ ಸರ್?
(ಗುಬ್ಬಿ)

ಉತ್ತರ: ಕೆಟ್ಟಿಲ್ಲಪ್ಪ, ಸೆಟ್ಟಿಂಗ್ಸ್‌ನಲ್ಲಿ ಡಿಗ್ರಿ ಒತ್ತಿದ್ದೀಯ. ಡಿಗ್ರೀಲಿ ಒಂದು ಅಲೆ ಮುಗಿಯೋಕೆ 360 ಬೇಕು, ನಿನ್ನ ಸ್ಕ್ರೀನಲ್ಲಿರೋದು 10ರ ತನಕ, ಸೈನ್ 10 ಡಿಗ್ರಿ ಅಂದ್ರೆ 0.17, ಗೆರೆ ಥರಾನೇ ಕಾಣುತ್ತೆ. ಕೋನ ಅಳೆಯೋ ಇನ್ನೊಂದು ಅಳತೆ ಇದೆ, ರೇಡಿಯನ್ ಅಂತ, ಅದಕ್ಕೆ ಬದಲಾಯಿಸು. ಸೈನ್ ಎಕ್ಸ್ ಡೆರಿವೇಟಿವ್ ಕಾಸ್ ಎಕ್ಸ್ ಅನ್ನೋದೂ ರೇಡಿಯನ್‌ನಲ್ಲಿ ಮಾತ್ರ ಸರಿ, ಡಿಗ್ರೀಲಿ ಮಾಡಿದ್ರೆ ಹಿಂದೆ π/180 ಅಂತ ಒಂದು ಬಾಲ ಬರುತ್ತೆ.

ಪ್ರಶ್ನೆ: ಮಗಳಿಗೆ ಇಂಜಿನಿಯರಿಂಗ್ ಸೀಟ್ ಸಿಕ್ಕಿದೆ, ಈಗಲಾದ್ರೂ ಗ್ರಾಫಿಂಗ್ ತಗೋಬೋದಾ?
(ಕುಣಿಗಲ್)

ಉತ್ತರ: ಈಗ್ಲೂ ಬೇಡ. ಇಂಜಿನಿಯರಿಂಗ್ ಪರೀಕ್ಷೆಗಳಲ್ಲಿ ಪ್ರೋಗ್ರಾಮ್ ಮಾಡೋ ಹಾಗಿರೋ ಕ್ಯಾಲ್ಕುಲೇಟರ್ ಬಿಡಲ್ಲ, ಗ್ರಾಫಿಂಗ್‌ನಲ್ಲಿ ಹೆಚ್ಚಿನವು ಆ ಸಾಲಿಗೇ ಸೇರ್ತವೆ. ಸಾವಿರದಿಂದ ಒಂದೂವರೆ ಸಾವಿರದೊಳಗೆ ಸಿಗೋ ಕ್ಯಾಸಿಯೊ ಎಫ್‌ಎಕ್ಸ್-991 ಥರದ ಸೈಂಟಿಫಿಕ್ ಒಂದು ಸಾಕು. ಆ 991ರಲ್ಲೇ ಎಂಎಸ್ ಅನ್ನೋ ಮಾಡೆಲ್ ಬದ್ಲು ಇಎಸ್ ಪ್ಲಸ್ ಅನ್ನೋದನ್ನ ತಗೊಳ್ಳಿ, ಅದ್ರಲ್ಲಿ ಮೋಡ್ 7 ಒತ್ತಿದ್ರೆ ಟೇಬಲ್ ಬರುತ್ತೆ, ಫಂಕ್ಷನ್ ಕೊಟ್ರೆ ಎಕ್ಸ್, ವೈ ಕೋಷ್ಟಕ ಮಾಡಿ ಕೊಡುತ್ತೆ, ಗ್ರಾಫ್ ಶೀಟಲ್ಲಿ ಚುಕ್ಕಿ ಇಡೋದಷ್ಟೇ ಬಾಕಿ. ಬಿಲ್ ಜೋಪಾನ, ಡೂಪ್ಲಿಕೇಟ್ ತುಂಬಾ ಓಡಾಡ್ತಿವೆ.